ಅಪವಾದದ ಆಯುಷ್ಯ: ಪಿಟೀಲುವಾದಕ ಪಗಾನಿನಿ ಮತ್ತು ಗೇರುಸೊಪ್ಪೆಯ ರಾಣಿ

ಸತ್ಯಾಣುವ್ರತವೆಂದರೆ ಸುಳ್ಳಾಡದಿರುವುದು ಎಂಬಷ್ಟಕ್ಕೆ ನಮ್ಮ ತಿಳಿವಳಿಕೆ ಸಾಮಾನ್ಯವಾಗಿ ನಿಂತುಬಿಡುತ್ತದೆ. ಆದರೆ ಸಮಂತಭದ್ರಾಚಾರ್ಯರು ಶ್ರಾವಕರಿಗಾಗಿ ಆ ವ್ರತದ ಅತಿಚಾರಗಳನ್ನು ಎಣಿಸುವಾಗ ಪರಿವಾದ, ರಹೋಭ್ಯಾಖ್ಯಾನ, ಪೈಶುನ್ಯಗಳನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಪರನಿಂದೆ, ಪರರ ಏಕಾಂತವನ್ನು ಬಯಲಿಗೆಳೆಯುವುದು, ಚಾಡಿ ಹೇಳುವುದು, ಈ ಮೂರೂ ಸತ್ಯಕ್ಕೆ ತಗಲುವ ಕಲೆಗಳೇ ಆಗಿವೆ. ಪೂಜ್ಯಪಾದಾಚಾರ್ಯರು 'ಅವರ್ಣವಾದ' ಎಂಬ ಪದಕ್ಕೆ ಅರ್ಥ ಹೇಳುತ್ತ, ಗುಣವಂತರಾದ ಹಿರಿಯರ ಮೇಲೆ ಇಲ್ಲದ ದೋಷವನ್ನು ಹೊರಿಸುವುದೆಂದು ವಿವರಿಸಿದ್ದಾರೆ. ಈ ಎಚ್ಚರಿಕೆಯು ನೆರೆಮನೆಯವರ ವಿಷಯದಲ್ಲಿ ಮಾತ್ರ ಪಾಲಿಸತಕ್ಕದ್ದೋ, ಅಥವಾ ನೂರಾರು ವರ್ಷಗಳ ಹಿಂದೆ ಬಾಳಿ ಹೋದವರ ವಿಷಯದಲ್ಲಿಯೂ ಪಾಲಿಸತಕ್ಕದ್ದೋ? ಬದುಕಿರುವವನು ತನ್ನ ಮೇಲಿನ ಆರೋಪಕ್ಕೆ ಉತ್ತರ ಹೇಳಬಲ್ಲ, ಗತಿಸಿದವನು ಹೇಳಲಾರ. ಆದುದರಿಂದ ಗತಿಸಿದವರ ಬಗೆಗೆ ಮಾತನಾಡುವಾಗ ನಮ್ಮ ಹೊಣೆ ಹೆಚ್ಚಾಗುವುದೇ ಹೊರತು ಕಡಿಮೆಯಾಗುವುದಿಲ್ಲ. ಇದನ್ನು ಎರಡು ದೃಷ್ಟಾಂತಗಳಿಂದ ಪರಿಶೀಲಿಸಬಹುದು. ಒಂದು ದೂರದ ಇಟಲಿಯದು. ಇನ್ನೊಂದು ನಮ್ಮ ಶರಾವತಿಯ ತೀರದ್ದು.

ಚೌಡಯ್ಯನವರ ಏಳು ತಂತಿಗಳ ವಾದನವನ್ನು ಕೇಳಿ ತಣಿದ ನಾಡಿಗೆ ಪಿಟೀಲು ಪರಕೀಯ ವಾದ್ಯವಲ್ಲ. ಯುರೋಪಿನಲ್ಲಿ ಈ ವಾದ್ಯದ ಹೆಸರಿನೊಡನೆ ತಟ್ಟನೆ ನೆನಪಿಗೆ ಬರುವ ಹೆಸರು ನಿಕೊಲೊ ಪಗಾನಿನಿಯದು. ಆತ 1782ರಲ್ಲಿ ಜಿನೋವಾ ನಗರದಲ್ಲಿ ಹುಟ್ಟಿದನು. ಒಂದೇ ತಂತಿಯ ಮೇಲೆ ಇಡೀ ಕೃತಿಯೊಂದನ್ನು ನುಡಿಸಬಲ್ಲವನಾಗಿದ್ದನು. ಕೃಶವಾದ ದೇಹ, ಬಿಳಿಚಿದ ಮುಖ, ಅಸಾಧಾರಣವಾಗಿ ಬಾಗುವ ಉದ್ದ ಬೆರಳುಗಳು, ಕಪ್ಪು ಉಡುಪು. ಇವುಗಳ ಮೇಲೆ ಜನರು ಕಥೆಗಳನ್ನು ಹೆಣೆದರು. ಈತ ಸೈತಾನನಿಗೆ ಆತ್ಮವನ್ನು ಮಾರಿ ವಿದ್ಯೆಯನ್ನು ಪಡೆದವನೆಂದರು. ಪ್ರಣಯದ ಕಾರಣ ಕೊಲೆ ಮಾಡಿ ಹಲವು ವರ್ಷ ಸೆರೆಯಲ್ಲಿದ್ದನೆಂದೂ, ಅಲ್ಲಿ ಉಳಿದಿದ್ದ ಒಂದೇ ತಂತಿಯ ಮೇಲೆ ಅಭ್ಯಾಸ ಮಾಡಿದನೆಂದೂ ಹೇಳಿದರು. ವಿಯೆನ್ನಾದಲ್ಲಿ ಶ್ರೋತೃವೊಬ್ಬನು ಪಗಾನಿನಿಯ ಮೊಣಕೈಯ ಬಳಿ ಸೈತಾನನೇ ನಿಂತು ಕಮಾನನ್ನು ನಡೆಸುತ್ತಿದ್ದುದನ್ನು ಕಣ್ಣಾರೆ ಕಂಡೆನೆಂದು ಸಾರಿದನು. ಕೊನೆಗೆ ತಾನು ಮನುಷ್ಯರ ಹೊಟ್ಟೆಯಲ್ಲಿಯೇ ಹುಟ್ಟಿದವನೆಂದು ತೋರಿಸಲು ತಾಯಿಯ ಪತ್ರವೊಂದನ್ನು ಪ್ರಕಟಿಸಬೇಕಾದ ದುರ್ಗತಿ ಆತನಿಗೆ ಒದಗಿತು.

1831ರಲ್ಲಿ ಪಗಾನಿನಿಯು ಪ್ಯಾರಿಸಿನ ಸಂಗೀತ ಪತ್ರಿಕೆಯೊಂದರಲ್ಲಿ ಈ ಆರೋಪಗಳಿಗೆ ಉತ್ತರವಿತ್ತನು. ಆ ಉತ್ತರದಲ್ಲಿ ಕೋಪಕ್ಕಿಂತ ಲೆಕ್ಕಾಚಾರವೇ ಮುಖ್ಯವಾಗಿತ್ತು. ಬಾಲ್ಯದಿಂದಲೂ ಸಾರ್ವಜನಿಕವಾಗಿ ನುಡಿಸುತ್ತ ಬಂದ ತನ್ನ ಜೀವನದಲ್ಲಿ ಸೆರೆವಾಸದ ವರ್ಷಗಳಿಗೆ ಎಡೆಯೆಲ್ಲಿದೆ? ಆ ವರ್ಷಗಳನ್ನು ಎಲ್ಲಿಯಾದರೂ ತುರುಕಲೇಬೇಕೆಂದರೆ, ಏಳನೆಯ ವಯಸ್ಸಿನಲ್ಲಿಯೇ ತನಗೆ ಪ್ರೇಯಸಿಯೂ ಪ್ರತಿಸ್ಪರ್ಧಿಯೂ ಇದ್ದಿರಬೇಕಾಗುತ್ತದೆ ಎಂಬುದು ಆತನ ವಾದದ ತಿರುಳು. ಕೊಲೆಯ ಸಂಚಿನಲ್ಲಿ ಸಿಕ್ಕಿಬಿದ್ದ ಬೇರೊಬ್ಬ ಪಿಟೀಲುವಾದಕನ ಕಥೆಯೇ ತನ್ನ ತಲೆಗೆ ಕಟ್ಟಲ್ಪಟ್ಟಿದೆಯೆಂದೂ ಆತ ತಿಳಿಸಿದನು.

ಹಾಗೆಂದು ಪಗಾನಿನಿಯ ನಡತೆ ನಿಷ್ಕಳಂಕವಾಗಿತ್ತೆಂದು ಹೇಳಿದರೆ ಅದೂ ಸತ್ಯವಾಗದು. ಆತ ಜೂಜಾಡಿ ಹಣ ಕಳೆದವನು. 1815ರಲ್ಲಿ ಜಿನೋವಾದಲ್ಲಿ ತರುಣಿಯೊಬ್ಬಳ ತಂದೆ ಕೊಟ್ಟ ದೂರಿನ ಮೇಲೆ ಕೆಲವು ದಿನ ಬಂಧನದಲ್ಲಿದ್ದುದೂ ನಿಜ. ಇಷ್ಟು ಬೀಜವಾಯಿತು, ಅದರಿಂದ ಕೊಲೆ, ದೀರ್ಘ ಸೆರೆವಾಸ, ಸೈತಾನನ ಒಪ್ಪಂದಗಳ ಮರ ಬೆಳೆಯಿತು. ಆತ 1840ರಲ್ಲಿ ನೀಸ್ ನಗರದಲ್ಲಿ ತೀರಿಕೊಂಡನು. ಅಂತ್ಯಕಾಲದ ಮತವಿಧಿಯನ್ನು ಸ್ವೀಕರಿಸದ ಕಾರಣ ಅಲ್ಲಿಯ ಬಿಷಪ್ಪರು ಪವಿತ್ರ ನೆಲದಲ್ಲಿ ಸಮಾಧಿಗೆ ಅನುಮತಿ ಕೊಡಲಿಲ್ಲ. ಲೋಕಾಪವಾದವೂ ಅದಕ್ಕೆ ಬಲ ಕೊಟ್ಟಿತು. ಆ ದೇಹವು ಪಾರ್ಮಾ ನಗರದ ಸ್ಮಶಾನವನ್ನು ಸೇರಿದ್ದು 1876ರಲ್ಲಿ. ವ್ಯಕ್ತಿಯ ಆಯುಷ್ಯ 57 ವರ್ಷ. ಆತನ ಮೇಲಿನ ಅಪವಾದವಾದರೋ ಸತ್ತ ಮೇಲೂ 36 ವರ್ಷ ಆತನ ಶವವನ್ನು ಅಲೆದಾಡಿಸಿತು.

ಪಗಾನಿನಿಗೆ ಉತ್ತರಿಸಲು ಬಾಯಿಯಿತ್ತು, ಪತ್ರಿಕೆಯಿತ್ತು. ಈ ಎರಡೂ ಇಲ್ಲದೆ ಅಪವಾದವನ್ನು ಹೊತ್ತವಳು ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿ. ಸಾಗರ ತಾಲ್ಲೂಕಿನ ಬ್ಯಾಕೋಡು, ತುಮರಿ, ಕರೂರು ಸೀಮೆಯ ಜೈನ ಕುಟುಂಬಗಳಿಗೆ ಆಕೆ ಕೇವಲ ಪುಸ್ತಕದ ಹೆಸರಲ್ಲ. ಬ್ಯಾಕೋಡಿನಿಂದ ಪಶ್ಚಿಮಕ್ಕೆ ಸಾಗಿ ಘಟ್ಟವನ್ನಿಳಿದರೆ ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಅಂದರೆ ಶಾಸನಗಳ ಸಂಗೀತಪುರ; ಶರಾವತಿಯ ಹರಿವನ್ನು ಅನುಸರಿಸಿ ಇಳಿದರೆ ಗೇರುಸೊಪ್ಪೆ. ಸಾಳುವ ವಂಶದ ಅರಸರು ಆಳಿದ ಈ ಎರಡು ನೆಲೆಗಳ ನಡುವಣ ಘಟ್ಟದ ದಾರಿಗಳಲ್ಲಿ ಕಾಳುಮೆಣಸಿನ ಹೇರುಗಳು ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದವು. ಅದರಿಂದಲೇ ಪೋರ್ಚುಗೀಸರು ಗೇರುಸೊಪ್ಪೆಯ ರಾಣಿಯನ್ನು 'ಮೆಣಸಿನ ರಾಣಿ' ಎಂದು ಕರೆದರು. ಚೆನ್ನಭೈರಾದೇವಿಯು 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದಳೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡು ಬಂದಿರುವ ಕಾಲಗಣನೆ. ಇಕ್ಕೇರಿಯ ವೆಂಕಟಪ್ಪ ನಾಯಕನು ಆ ರಾಜ್ಯವನ್ನು ಗೆದ್ದುಕೊಂಡು ಆಕೆಯನ್ನು ಸೆರೆಯೊಯ್ದನು.

ಈ ಪತನಕ್ಕೆ ಕಾರಣವೇನು? ಬಹುಕಾಲ ಹರಿದಾಡಿದ ಉತ್ತರ ಪಿಯೆತ್ರೊ ದೆಲ್ಲ ವಲ್ಲೆ ಎಂಬ ರೋಮ್ ನಗರದ ಪ್ರವಾಸಿಯದು. 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಆತ ಹೊನ್ನಾವರದಿಂದ ನದಿಯಲ್ಲಿ ಗೇರುಸೊಪ್ಪೆಗೆ ಬಂದು ಘಟ್ಟ ಹತ್ತಿದನು. ಹಾಳುಬಿದ್ದ ನಗರವನ್ನೂ, ಅರಮನೆಯ ಅವಶೇಷಗಳ ನಡುವೆ ಬೆಳೆದ ಮರಗಳನ್ನೂ ಕಂಡು, ಅಲ್ಲಿಯ ಕಡೆಯ ರಾಣಿಯ ಕಥೆಯನ್ನು ತನ್ನ ಪತ್ರದಲ್ಲಿ ಬರೆದನು. ರಾಣಿಯು ಕೀಳು ಕುಲದ ಪರಸ್ಥಳದವನೊಬ್ಬನಲ್ಲಿ ಅನುರಕ್ತಳಾಗಿ ರಾಜ್ಯವನ್ನು ಅವನ ಕೈಗಿತ್ತಳು. ಅವನು ದ್ರೋಹ ಬಗೆದನು. ಆಕೆ ಪೋರ್ಚುಗೀಸರ ನೆರವನ್ನು ಬೇಡಿದಳು. ಅವರು ತಡಮಾಡಿ ಅರೆಮನಸ್ಸಿನಿಂದ ಬಂದರು. ದ್ರೋಹಿಯು ವೆಂಕಟಪ್ಪ ನಾಯಕನನ್ನು ಕರೆದನು. ನಾಯಕನು ಬಂದು ಎಲ್ಲವನ್ನೂ ತನ್ನದಾಗಿಸಿಕೊಂಡು, ದ್ರೋಹಿಯನ್ನು ಕೊಲ್ಲಿಸಿ, ರಾಣಿಯನ್ನು ಗೌರವದ ಸೆರೆಯಲ್ಲಿ ಇರಿಸಿದನು. ಇದು ಆ ವೃತ್ತಾಂತದ ಸಾರ. 1883ರ ಕೆನರಾ ಜಿಲ್ಲಾ ಗೆಜೆಟಿಯರಿನಂತಹ ಗ್ರಂಥಗಳು ದೆಲ್ಲ ವಲ್ಲೆಯ ಬರಹವನ್ನು ಆಧಾರವಾಗಿ ಬಳಸಿಕೊಂಡವು. ಒಂದು ರಾಜ್ಯದ ಅಳಿವು ಹೀಗೆ ಒಬ್ಬ ಹೆಂಗಸಿನ ನಡತೆಯ ಕಥೆಯಾಗಿ ಉಳಿಯಿತು.

ಈ ಕಥೆಯನ್ನು ಭಾವಾವೇಶದಿಂದ ತಳ್ಳಿಹಾಕುವುದು ಸುಲಭ. ಆದರೆ ಪಗಾನಿನಿಯ ಪತ್ರ ತೋರಿಸಿದಂತೆ, ಅಪವಾದವನ್ನು ಪ್ರಶ್ನೆಗಳಿಂದ ಪರೀಕ್ಷಿಸುವುದೇ ಮೇಲು.

ಮೊದಲನೆಯ ಪ್ರಶ್ನೆ: ಹೇಳಿದವರು ಯಾರು? ದೆಲ್ಲ ವಲ್ಲೆಯು ಗೇರುಸೊಪ್ಪೆಗೆ ಬಂದದ್ದು ರಾಜ್ಯ ಬಿದ್ದು ಸುಮಾರು 17 ವರ್ಷಗಳಾದ ಮೇಲೆ. ಆತ ಕಂಡದ್ದು ಹಾಳೂರನ್ನು, ಉಳಿದುದೆಲ್ಲ ಕೇಳಿದ್ದು. ಆತನ ಸಹಪ್ರಯಾಣಿಕರಲ್ಲಿ ಒಂದೆಡೆ ರಾಣಿಗೆ ತಕ್ಕ ಕಾಲದಲ್ಲಿ ನೆರವಾಗದ ಪೋರ್ಚುಗೀಸರಿದ್ದರು. ಇನ್ನೊಂದೆಡೆ ಆಕೆಯನ್ನು ಗೆದ್ದ ವೆಂಕಟಪ್ಪ ನಾಯಕನ ರಾಯಭಾರಿ ವಿಠಲ ಶೆಣೈ ಇದ್ದನು. ಅವರು ಮಾತುಕತೆಗೆ ಹೊರಟಿದ್ದ ವಿಷಯಗಳಲ್ಲಿ ಮೆಣಸಿನ ವ್ಯಾಪಾರವೂ ಒಂದು. ರಾಣಿಯ ಪರವಾಗಿ ಮಾತನಾಡುವವರು ಆ ಪಯಣದಲ್ಲಿ ಇರಲಿಲ್ಲ. ರಾಣಿಯು ತನ್ನ ದೌರ್ಬಲ್ಯದಿಂದಲೇ ಕೆಟ್ಟಳು ಎಂಬ ಕಥೆ ಗೆದ್ದವರಿಗೂ ಅನುಕೂಲ, ಕೈಬಿಟ್ಟವರಿಗೂ ಅನುಕೂಲ.

ಎರಡನೆಯ ಪ್ರಶ್ನೆ: ಕಾಲ ಹೊಂದುತ್ತದೆಯೆ? 54 ವರ್ಷ ಆಳಿದವಳೆಂದರೆ, ಹದಿನಾರರ ಹರೆಯದಲ್ಲಿ ಪಟ್ಟವೇರಿದ್ದರೂ ರಾಜ್ಯ ಕಳೆದುಕೊಳ್ಳುವಾಗ ಆಕೆಗೆ ಎಪ್ಪತ್ತು ವರ್ಷ. ಪ್ರವಾಸಿಯ ಕಥೆಯಲ್ಲಿ ಪ್ರಣಯ, ದ್ರೋಹ, ಪತನ ಒಂದರ ಹಿಂದೆ ಒಂದು ಬರುತ್ತವೆ. ಪಗಾನಿನಿಯ ಮೇಲಿನ ಕಥೆಯನ್ನು ನಂಬಲು ಏಳು ವರ್ಷದ ಬಾಲಕನನ್ನು ಪ್ರಣಯಿಯಾಗಿ ಕಲ್ಪಿಸಬೇಕಾಗಿತ್ತು. ಇಲ್ಲಿ ಎಪ್ಪತ್ತರ ವೃದ್ಧೆಯನ್ನು ಕಲ್ಪಿಸಬೇಕಾಗುತ್ತದೆ. ಹಾಡುವಳ್ಳಿಯ ಮತ್ತು ಗೇರುಸೊಪ್ಪೆಯ ಆಳ್ವಿಕೆಯಲ್ಲಿ ಚೆನ್ನಾದೇವಿ, ಭೈರಾದೇವಿ ಎಂಬ ಬೇರೆ ಬೇರೆ ರಾಣಿಯರ ಸಂಗತಿಗಳು ಒಂದೇ ಹೆಸರಿನಡಿ ಕಲೆತುಹೋಗಿವೆಯೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಹಾಗಾದರೆ 54 ವರ್ಷಗಳ ಲೆಕ್ಕವನ್ನು ಮರುಪರಿಶೀಲಿಸಬೇಕು. ಆಗ ಆರೋಪವು ಯಾರ ಮೇಲಿನದೆಂಬುದೇ ಸಡಿಲವಾಗುತ್ತದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ, ಚೆನ್ನಭೈರಾದೇವಿಯ ಶೀಲದ ವಿಷಯದಲ್ಲಿ ತೀರ್ಪು ಕೊಡುವಷ್ಟು ಗಟ್ಟಿಯಾದ ನೆಲ ಈ ಕಥೆಗೆ ಇಲ್ಲ.

ಮೂರನೆಯ ಪ್ರಶ್ನೆ: ಇಂತಹ ಮಾತು ಇತರರ ಮೇಲೂ ಬಂದಿದೆಯೆ? ಅದೇ ಪ್ರವಾಸದಲ್ಲಿ ದೆಲ್ಲ ವಲ್ಲೆಯು ಮುಂದೆ ಕರಾವಳಿಗಿಳಿದು ಉಳ್ಳಾಲದ ರಾಣಿಯನ್ನು ಕಂಡನು. ನೀರಿನ ಕಾಲುವೆಯ ಕೆಲಸವನ್ನು ಬರಿಗಾಲಿನಲ್ಲಿ ನಿಂತು ನೋಡಿಕೊಳ್ಳುತ್ತಿದ್ದ ಆಕೆಯ ಸರಳತೆಯನ್ನು ಆತ ಬರೆದನು. ಹಿರಿಯ ಮಗನಿಗೆ ವಿಷವಿಕ್ಕಿದಳೆಂದು ಕೇಳಿದ ಗಾಳಿಮಾತನ್ನೂ ಬರೆದನು. ಚೌಟರ ಉಳ್ಳಾಲವೂ ಜೈನ ಮನೆತನದ್ದು. ಆಳುವ ಗಂಡಸು ಸೋತರೆ ಸೈನ್ಯ ಸೋತಿತೆನ್ನುವ ಲೋಕ, ಆಳುವ ಹೆಣ್ಣಿನ ವಿಷಯ ಬಂದಾಗ ಅಂತಃಪುರದಲ್ಲಿ ಕಾರಣವನ್ನು ಹುಡುಕುತ್ತದೆ.

ಹಾಗಾದರೆ ಪತನದ ನಿಜವಾದ ಕಾರಣಗಳನ್ನು ಎಲ್ಲಿ ನೋಡಬೇಕು? 1565ರ ತಾಳಿಕೋಟೆಯ ಯುದ್ಧದ ನಂತರ ವಿಜಯನಗರದ ಆಸರೆ ಕುಸಿಯಿತು. ಅದರ ಸಾಮಂತರು ತಮ್ಮ ತಮ್ಮ ಬಲದ ಮೇಲೆ ನಿಲ್ಲಬೇಕಾಯಿತು. ಸಮುದ್ರದ ಕಡೆ ಮೆಣಸಿಗಾಗಿ ಹೊಂಚುತ್ತಿದ್ದ ಪೋರ್ಚುಗೀಸರು. ಘಟ್ಟದ ಮೇಲೆ ಕರಾವಳಿಯ ಬಂದರುಗಳಿಗೆ ದಾರಿ ಹುಡುಕುತ್ತಿದ್ದ, ದಿನದಿನಕ್ಕೆ ಬೆಳೆಯುತ್ತಿದ್ದ ಕೆಳದಿಯ ಅರಸೊತ್ತಿಗೆ. ಇವೆರಡರ ನಡುವೆ ಸಿಕ್ಕಿದ ಚಿಕ್ಕ ರಾಜ್ಯವೊಂದು ಅಷ್ಟು ಕಾಲ ಉಳಿದುದೇ ಆಳಿದವರ ದಕ್ಷತೆಗೆ ಸಾಕ್ಷಿ. ಹಾಡುವಳ್ಳಿಯ ಮಠದ ಪರಂಪರೆಯಲ್ಲಿ ಬಂದ ಭಟ್ಟಾಕಳಂಕನು ಕನ್ನಡಕ್ಕೆ ಸಂಸ್ಕೃತದಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವೆಂಬ ವ್ಯಾಕರಣವನ್ನು ಪೂರೈಸಿದ್ದು 1604ರಲ್ಲಿ. ರಾಜ್ಯದ ಸಂಜೆಯಲ್ಲಿಯೂ ವಿದ್ಯೆಯ ದೀಪ ಆರಿರಲಿಲ್ಲ.

ಒಂದು ಮಾತನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ದೆಲ್ಲ ವಲ್ಲೆಯು ರಾಣಿಯನ್ನು ಹಳಿಯಲಿಲ್ಲ. ಸಂಗಾತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಈ ನಾಡಿನ ಸ್ವತಂತ್ರ ರಾಣಿಯರಿಗೆ ಇತ್ತೆಂದೂ, ಅದರಿಂದ ಆಕೆಯ ಮಾನಕ್ಕೆ ಕುಂದಿಲ್ಲವೆಂದೂ ಆತ ತನಗೆ ತಿಳಿದಂತೆ ಬರೆದನು. ದೋಷವನ್ನು ಹಚ್ಚಿದ್ದು ಮಾತಿನಿಂದ ಮಾತಿಗೆ ಸಾಗಿಸಿದ ನಂತರದವರು. ಪೈಶುನ್ಯದ ಸ್ವಭಾವವೇ ಇದು: ಮೊದಲು ಹೇಳಿದವನ ಹಿಂಜರಿಕೆ ಮೂರನೆಯವನ ಬಾಯಿಗೆ ಬರುವಷ್ಟರಲ್ಲಿ ಅಳಿದುಹೋಗಿರುತ್ತದೆ.

ಈಗ ನಮ್ಮ ಕಡೆಗೆ ತಿರುಗೋಣ. ಅಪವಾದಕ್ಕೆ ಪ್ರತಿಯಾಗಿ ನಾವು ಏನನ್ನು ಹೇಳುತ್ತಿದ್ದೇವೆ? ಡಾ. ಗಜಾನನ ಶರ್ಮರ 'ಚೆನ್ನಭೈರಾದೇವಿ' ಕಾದಂಬರಿಯ ನಂತರ ರಾಣಿಯ ಹೆಸರು ನಾಡಿನ ಮನೆಮನೆಗೆ ತಲುಪಿದೆ. ಅದು ಸಂತೋಷದ ಸಂಗತಿ. ಆದರೆ ಕಾದಂಬರಿ ಕಾದಂಬರಿಯಾಗಿಯೇ ಇರಬೇಕು; ಶಾಸನದ ಸ್ಥಾನವನ್ನು ಅದಕ್ಕೆ ಕೊಡಬಾರದು. ಮಿರ್ಜಾನ್ ಕೋಟೆಯನ್ನು ಆಕೆಯದೆಂದು ಹೇಳುವವರಿದ್ದಾರೆ, ಬಿಜಾಪುರದ ಸರದಾರನದೆಂದು ಹೇಳುವವರೂ ಇದ್ದಾರೆ. ಸೆರೆಯಲ್ಲಿ ಆಕೆ ಸಲ್ಲೇಖನ ವ್ರತವನ್ನು ಸ್ವೀಕರಿಸಿದಳೆಂಬ ಮಾತು ನಮ್ಮ ಮನಸ್ಸಿಗೆ ಹಿತವಾದುದು. ಆದರೆ ಹಿತವಾದುದೆಲ್ಲ ಪ್ರಮಾಣವಲ್ಲ. ವೆಂಕಟಪ್ಪ ನಾಯಕನು ಆಕೆಯನ್ನು ಹಿಂಸಿಸಿದನೆಂದು ಆವೇಶದಿಂದ ಹೇಳುವಾಗ, ಸೆರೆ ಗೌರವಯುತವಾಗಿತ್ತೆಂದು ದೆಲ್ಲ ವಲ್ಲೆ ಬರೆದುದನ್ನೂ ನೆನೆಯಬೇಕು. ಸತ್ಯಾಣುವ್ರತವು ನಮ್ಮವರಿಗೆ ಒಂದು, ಪರರಿಗೆ ಇನ್ನೊಂದು ಎಂಬ ಭೇದವನ್ನು ಅರಿಯದು. ಪರನಿಂದೆ, ಆತ್ಮಪ್ರಶಂಸೆಗಳನ್ನೂ, ಪರರಲ್ಲಿರುವ ಗುಣವನ್ನು ಮುಚ್ಚಿ ತನ್ನಲ್ಲಿಲ್ಲದ ಗುಣವನ್ನು ಸಾರುವುದನ್ನೂ ತತ್ತ್ವಾರ್ಥಸೂತ್ರವು ನೀಚಗೋತ್ರ ಬಂಧಕ್ಕೆ ಕಾರಣಗಳೆಂದು ಒಟ್ಟಿಗೇ ಹೇಳುತ್ತದೆ. ಸುಳ್ಳು ಕಳಂಕ, ಸುಳ್ಳು ಕಿರೀಟ ಎರಡೂ ಒಂದೇ ಕುಲುಮೆಯಲ್ಲಿ ಆಗುವಂಥವು.

ಬಸದಿಗಳ ಆಡಳಿತ ಮಂಡಳಿಗಳಿಗೆ ಇದರಲ್ಲಿ ವಿಶೇಷ ಹೊಣೆಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಹಿನ್ನೀರಿನಿಂದ ಬೇರ್ಪಟ್ಟು ಲಾಂಚನ್ನು ನಂಬಿದ್ದ ಕರೂರು ಸೀಮೆಗೆ 2025ರ ಜುಲೈ ತಿಂಗಳಿನಿಂದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಸಂಪರ್ಕ ಒದಗಿದೆ. ಈ ಸೀಮೆಯ ಮೂಲಕ ಹಾಡುವಳ್ಳಿಯ ಬಸದಿಗಳಿಗೂ ಗೇರುಸೊಪ್ಪೆಯ ಚತುರ್ಮುಖ ಬಸದಿಗೂ ಹೋಗಬಯಸುವ ಯಾತ್ರಿಕರು ಮೊದಲು ಕೇಳುವುದೇ 'ಇದು ಯಾರ ಕಾಲದ್ದು? ಆಕೆ ಹೇಗಿದ್ದಳು?' ಎಂಬ ಪ್ರಶ್ನೆಯನ್ನು. ಅಲ್ಲಿ ನಿಲ್ಲಿಸುವ ಫಲಕ, ಹಂಚುವ ಕಿರುಹೊತ್ತಗೆ, ಪಂಚಕಲ್ಯಾಣದ ಸ್ಮರಣಸಂಚಿಕೆ, ಇವುಗಳಲ್ಲಿ ಅಚ್ಚಾಗುವ ಪ್ರತಿಯೊಂದು ಸಾಲೂ ನಾಳೆಯ 'ಇತಿಹಾಸ'ವಾಗುತ್ತದೆ. ಶಾಸನದಿಂದ ತಿಳಿದದ್ದನ್ನು ಶಾಸನೋಕ್ತವೆಂದೂ, ಪ್ರವಾಸಿಯ ಮಾತನ್ನು ಪ್ರವಾಸಿಯದೆಂದೂ, ಜನರ ನಂಬಿಕೆಯನ್ನು ಪ್ರತೀತಿಯೆಂದೂ ಬೇರೆ ಬೇರೆಯಾಗಿ ನಮೂದಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಮಳೆಗೆ ಸವೆಯುತ್ತಿರುವ ಶಾಸನಗಳ ಪ್ರತಿಯನ್ನು ತಿಳಿದವರಿಂದ ತೆಗೆಸಿ ಬಸದಿಯಲ್ಲಿ ಇರಿಸಿದರೆ, ಮುಂದಿನ ಪೀಳಿಗೆಗೆ ಗಾಳಿಮಾತಿಗಿಂತ ಗಟ್ಟಿಯಾದ ಆಧಾರ ಸಿಕ್ಕೀತು.

ಮನೆಗಳಲ್ಲಿಯೂ ಹಾಗೆಯೇ. ಮಕ್ಕಳಿಗೆ ರಾಣಿಯ ಕಥೆ ಹೇಳುವ ಹಿರಿಯರು 'ಹೀಗೆ ಆಯಿತು' ಎನ್ನುವ ಕಡೆ 'ಹೀಗೆಂದು ಹೇಳುತ್ತಾರೆ' ಎಂದರೆ ಕಥೆಯ ಸ್ವಾರಸ್ಯವೇನೂ ಕುಂದುವುದಿಲ್ಲ. ಹೇಳುವವರ ವ್ರತ ಉಳಿಯುತ್ತದೆ, ಕೇಳುವ ಮಗು ವಿವೇಚನೆಯನ್ನು ಕಲಿಯುತ್ತದೆ. ಮೆಣಸಿನ ಹೇರು ಘಟ್ಟವನ್ನಿಳಿಯುವಾಗ ಸುಂಕದ ಕಟ್ಟೆಯಲ್ಲಿ ಅಳೆದು ತೂಗಿ ಬಿಡುತ್ತಿದ್ದರು. ಗತಿಸಿದವರ ಹೆಸರನ್ನು ಹೊತ್ತ ಮಾತು ನಮ್ಮ ನಾಲಗೆಯನ್ನು ದಾಟುವಾಗಲೂ ಅಷ್ಟಾದರೂ ತೂಕ ನೋಡುವುದು ಶ್ರಾವಕಧರ್ಮ.