ಗೂಡಿನ ಹಣದಿಂದ ಆ್ಯಪ್ ಖರೀದಿಯವರೆಗೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ವ್ಯವಹಾರವು ಬಹುಕಾಲ ನಗದನ್ನೇ ಆಶ್ರಯಿಸಿತ್ತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರ್‌ಗಳು, ಅಂದರೆ ಗೂಡಿನಿಂದ ನೂಲು ಬಿಚ್ಚುವವರು, ಹರಾಜಿನಲ್ಲಿ ಕೊಂಡ ಮಾಲಿನ ಬೆಲೆಯು ರೈತರ ಬ್ಯಾಂಕ್ ಖಾತೆಗೇ ಜಮೆಯಾಗುವ ಪದ್ಧತಿ ಇತ್ತೀಚಿನದು. 2012ರಲ್ಲಿ ಆರಂಭವಾದ ದೇಶೀಯ ಪಾವತಿ ಜಾಲ ರುಪೇಯ ಕಾರ್ಡು 2014ರ ಜನಧನ ಯೋಜನೆಯ ಮೂಲಕ ಚಿಂತಾಮಣಿ, ಗೌರಿಬಿದನೂರಿನಂಥ ತಾಲ್ಲೂಕುಗಳ ಸಣ್ಣ ಖಾತೆದಾರರಿಗೂ ದೊರೆಯುವಂತಾಯಿತು.

ಆದರೆ ಎಟಿಎಮ್ಮಿನಲ್ಲಿ ಹಣ ತೆಗೆಯಲು ನೆರವಾದ ಡೆಬಿಟ್ ಕಾರ್ಡು, ಅಂದರೆ ಖಾತೆಯಲ್ಲಿರುವ ಹಣವನ್ನೇ ನೇರವಾಗಿ ಖರ್ಚು ಮಾಡಗೊಡುವ ಕಾರ್ಡು, ಟ್ಯಾಬ್ಲೆಟ್ಟಿನಲ್ಲಿ ಆ್ಯಪ್ ಕೊಳ್ಳಲು ಅಷ್ಟು ಸುಲಭವಾಗಿ ಒದಗಲಿಲ್ಲ. ಆ್ಯಪಲ್ 2008ರಲ್ಲಿ ತೆರೆದ ಆ್ಯಪ್ ಸ್ಟೋರ್, ಒಮ್ಮೆ ದಾಖಲಿಸಿಟ್ಟ ಕಾರ್ಡಿನಿಂದ ಮತ್ತೆ ಮತ್ತೆ ಹಣ ಪಡೆಯುವ ಕ್ರಮವನ್ನು ಅನುಸರಿಸಿದರೆ, ಭಾರತೀಯ ರಿಸರ್ವ್ ಬ್ಯಾಂಕು 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡು ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು, ಅಂದರೆ ಕಾರ್ಡಿನ ಮೇಲೆ ಮುದ್ರಿತವಾಗದ ಗುಪ್ತಪದ ಅಥವಾ ಒಟಿಪಿಯಂಥದನ್ನು, ಕಡ್ಡಾಯಗೊಳಿಸಿತ್ತು. 2021ರ ಅಕ್ಟೋಬರ್‌ನಲ್ಲಿ ಚಂದಾ ಮಾದರಿಯ ಸ್ವಯಂಚಾಲಿತ ಪಾವತಿಗಳಿಗೂ ಬಿಗಿಯಾದ ನಿಯಮ ಜಾರಿಗೆ ಬಂದಿತು. 2022ರಲ್ಲಿ ಆ್ಯಪಲ್ ಭಾರತದಲ್ಲಿ ಆ್ಯಪ್ ಖರೀದಿಗೆ ಕಾರ್ಡುಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿ, ಮುಂಗಡವಾಗಿ ತುಂಬಿಟ್ಟ ಶಿಲ್ಕು, ಯುಪಿಐ ಮುಂತಾದ ದಾರಿಗಳನ್ನು ಉಳಿಸಿಕೊಂಡಿತು. ಬ್ಯಾಂಕ್ ಖಾತೆಯೂ ಕಾರ್ಡೂ ಊರೂರಿಗೆ ಹರಡಿದ ಮೇಲೂ, ಯಾವ ಖರೀದಿಗೆ ಅವು ಸಲ್ಲುತ್ತವೆ ಎಂಬುದನ್ನು ನಿರ್ಧರಿಸಿದ್ದು ನಿಯಂತ್ರಕರ ನಿಯಮ ಮತ್ತು ಕಂಪನಿಗಳ ಪದ್ಧತಿಗಳ ನಡುವಣ ಹೊಂದಾಣಿಕೆಯೇ.