ಏಳನೆಯ ದಿನದ ಗೆರೆ

ಕಾಯಿಲೆಯ ಭತ್ಯೆ ಬೇಕೆಂದರೆ ಡಾಕ್ಟರ ಸರ್ಟಿಫಿಕೇಟು ತರಬೇಕೆಂಬ ಪದ್ಧತಿ ಬ್ರಿಟನ್ನಿನಲ್ಲಿ 1911ರ ರಾಷ್ಟ್ರೀಯ ವಿಮಾ ಕಾಯ್ದೆಯಿಂದ ಬೇರೂರಿತ್ತು. ಆ ಚೀಟಿಗಳು ಸರ್ಕಾರದ ಕೈಸೇರುತ್ತಿದ್ದುದರಿಂದ, ಯಾವ ರೋಗಕ್ಕೆ ಎಷ್ಟು ದಿನದ ದುಡಿಮೆ ತಪ್ಪಿತೆಂಬ ದೇಶವ್ಯಾಪಿ ಲೆಕ್ಕ ಸಂಶೋಧಕರಿಗೆ ಅನಾಯಾಸವಾಗಿ ಸಿಗುತ್ತಿತ್ತು. 1982ರ ಜೂನ್‌ನಲ್ಲಿ ನಿಯಮ ಬದಲಾಯಿತು: ಏಳು ದಿನದವರೆಗಿನ ಕಾಯಿಲೆಗೆ ಕೆಲಸಗಾರನೇ ಬರೆದುಕೊಟ್ಟರೆ ಸಾಕು. ಮರುವರ್ಷದ ಏಪ್ರಿಲ್‌ನಿಂದ ಮೊದಲ ಎಂಟು ವಾರಗಳ ಭತ್ಯೆ ಕೊಡುವ ಕೆಲಸ ಮಾಲೀಕರಿಗೆ ಬಿತ್ತು, 1986ರಲ್ಲಿ ಅದು 28 ವಾರಕ್ಕೆ ಹಿಗ್ಗಿತು. ಹೀಗೆ ಸಣ್ಣಪುಟ್ಟ ಕಾಯಿಲೆಗಳು ಸರ್ಕಾರದ ಅಂಕಿಅಂಶದಿಂದ ಹೊರಬಿದ್ದವು. 1980ರ ಲೆಕ್ಕದ ಪಕ್ಕದಲ್ಲಿ 1990ರದನ್ನಿಟ್ಟು, ಕಾರ್ಮಿಕರ ಆರೋಗ್ಯ ಸುಧಾರಿಸಿತೆಂದು ಹೇಳಹೊರಟವರು ನಿಜಕ್ಕೂ ಅಳೆಯುತ್ತಿದ್ದುದು ಕಾನೂನಿನ ಬದಲಾವಣೆಯನ್ನು.

ಸಂಶೋಧನೆ ಆ ಏಳು ದಿನದ ಗೆರೆಯನ್ನೇ ಅಳತೆಗೋಲು ಮಾಡಿಕೊಂಡಿತು. ಲಂಡನ್ನಿನ 10,308 ಸರ್ಕಾರಿ ನೌಕರರನ್ನು ಹಿಡಿದು 1985ರಲ್ಲಿ ಶುರುವಾದ ಎರಡನೇ ವೈಟ್‌ಹಾಲ್ ಅಧ್ಯಯನ, ಏಳು ದಿನದೊಳಗಿನ ರಜೆಯನ್ನು ಒಂದು ಬಗೆ, ಡಾಕ್ಟರ ಚೀಟಿ ಬೇಕಾದ ದೀರ್ಘ ರಜೆಯನ್ನು ಇನ್ನೊಂದು ಬಗೆ ಎಂದು ಎಣಿಸಿತು. ಹಾಗೆ ಎಣಿಸಿದ್ದರಲ್ಲಿ ತಪ್ಪೇನಿದೆ ಎಂದು ಕೇಳಬಹುದು. ದೀರ್ಘ ರಜೆ ಪದೇ ಪದೇ ಹಾಕಿದವರಲ್ಲಿ ಸಾವಿನ ಪ್ರಮಾಣ ಬಹಳ ಹೆಚ್ಚಿತ್ತೆಂದು ಇದೇ ಅಧ್ಯಯನ 2003ರಲ್ಲಿ ತೋರಿಸಿತಲ್ಲ? ತೋರಿಸಿದ್ದು ನಿಜ, ಅದು ಗಟ್ಟಿಯಾದ ಫಲಿತಾಂಶವೂ ಹೌದು. ಆದರೆ ಅದು ಒಂದೇ ನಿಯಮದಡಿ, ಒಂದೇ ಊರಲ್ಲಿ ದುಡಿದವರನ್ನು ಪರಸ್ಪರ ಹೋಲಿಸಿದ ಮಾತು. ನಿಯಮ ಬೇರೆಯಾದೊಡನೆ ರಜೆಯೂ ಬೇರೆಯಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ಸಾಕ್ಷ್ಯವಿದೆ. 1988ರ ಉತ್ತರಾರ್ಧದಲ್ಲಿ ಗೋಥೆನ್‌ಬರ್ಗ್ ಮತ್ತು ಯೆಮ್ಟ್‌ಲಾಂಡ್‌ಗಳಲ್ಲಿ, ಸಮಸಂಖ್ಯೆಯ ತಾರೀಖಿನಂದು ಹುಟ್ಟಿದವರಿಗೆ ಮಾತ್ರ ಸರ್ಟಿಫಿಕೇಟಿನ ಗಡುವನ್ನು ಒಂದು ವಾರದಿಂದ ಎರಡು ವಾರಕ್ಕೆ ಸರಿಸಿದರು. ಅವರ ರಜೆ ಉದ್ದವಾಯಿತು. ಸಮಸಂಖ್ಯೆಯವರಿಗೆ ಬೇರೆ ರೋಗ ಬರುವುದಿಲ್ಲವಷ್ಟೆ! ಇದನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಗಡುವು ಒಂದೇ ವಾರವಿದ್ದಾಗ ಪೂರ್ತಿ ಗುಣವಾಗದೆ ಕೆಲಸಕ್ಕೆ ಮರಳಿದವರೂ ಇದ್ದಿರಬಹುದು. ಬರೀ ರಜೆಯ ಲೆಕ್ಕ ಈ ಎರಡನ್ನು ಬೇರ್ಪಡಿಸಲಾರದು.

ಹಾಗಾದರೆ ಪ್ರತಿ ದಿನದ ಗೈರಿಗೂ ಡಾಕ್ಟರ ಚೀಟಿ ಕಡ್ಡಾಯ ಮಾಡೋಣವೇ? ರೋಗಿಯ ಮಾತನ್ನೇ ನಂಬಿ ಬರೆಯಬೇಕಾದ ಸೊಂಟನೋವಿನ ಚೀಟಿ ಹೆಚ್ಚುತ್ತದೆಯೇ ಹೊರತು ಮಾಹಿತಿ ಹೆಚ್ಚುವುದಿಲ್ಲ. ನಿಯಮವೇ ಲೆಕ್ಕವನ್ನು ರೂಪಿಸುವುದು ಇಲ್ಲೂ ಉಂಟು: ನಮ್ಮ ದೇಶದ ಕಾರ್ಮಿಕರ ರಾಜ್ಯ ವಿಮಾ (ಇಎಸ್‌ಐ) ಯೋಜನೆಯಲ್ಲಿ ಸಾಮಾನ್ಯವಾಗಿ ಕಾಯಿಲೆಯ ಮೊದಲ ಎರಡು ದಿನಕ್ಕೆ ಭತ್ಯೆಯಿಲ್ಲ. ಬರೀ ಭತ್ಯೆಯ ಲೆಕ್ಕ ನೋಡಿ ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಆರೋಗ್ಯ ಅಳೆಯ ಹೊರಟವರಿಗೆ ಅಲ್ಲಿನ ಎರಡು ದಿನದ ಜ್ವರ ಕಾಣುವುದೇ ಇಲ್ಲ.