ಕವಡೆಯ ನಾಡಿಗೆ ರಜೆ ಕಳೆಯಲು ಬಂದವರು

1960ರ ದಶಕದಲ್ಲಿ ವಿಶ್ವಸಂಸ್ಥೆಯ ತಂಡವೊಂದು ಮಾಲ್ಡೀವ್ಸ್‌ಗೆ ಹೋಗಿ ನೋಡಿ, ಅಲ್ಲಿ ಪ್ರವಾಸೋದ್ಯಮ ಆಗುವ ಹೋಗುವ ಮಾತಲ್ಲ ಎಂದು ಹೇಳಿಬಿಟ್ಟಿತು. ಹಾಗೆನ್ನಲು ಕಾರಣಗಳೂ ಇದ್ದವು. ಹೇಳಿಕೊಳ್ಳುವಂಥ ಹೋಟೆಲ್ ಇರಲಿಲ್ಲ, ಬ್ಯಾಂಕ್ ಇರಲಿಲ್ಲ. ದಿನಸಿ ಕೊಲಂಬೊದಿಂದ ಹಡಗಿನಲ್ಲಿ ಬರಬೇಕಿತ್ತು. 2024ರಲ್ಲಿ ಅದೇ ದೇಶಕ್ಕೆ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಅಲ್ಲಿನ ಜನಸಂಖ್ಯೆಯೇ ಐದು ಲಕ್ಷದ ಆಸುಪಾಸು!

ಹೊರಗಿನವರು ಆ ದ್ವೀಪಗಳಿಗೆ ಬರುವುದು ಹೊಸತೇನಾಗಿರಲಿಲ್ಲ. ಆದರೆ ಅವರು ಬರುತ್ತಿದ್ದುದು ವ್ಯಾಪಾರಕ್ಕೆ. ನಮ್ಮ ಹೊನ್ನಾವರದಲ್ಲಿ ಕೆಲಕಾಲ ಇದ್ದ ಮೊರಾಕೊದ ಇಬ್ನ್ ಬತೂತ 1343ರ ಹೊತ್ತಿಗೆ ಕಲ್ಲಿಕೋಟೆಯಿಂದ ಹಡಗು ಹತ್ತಿ ಅಲ್ಲಿಗೆ ಹೋದ, ಅಲ್ಲೇ ಖಾಜಿಯೂ (ನ್ಯಾಯಾಧೀಶ) ಆದ. ಕವಡೆ ಸಿದ್ಧವಾಗುವ ಬಗೆಯನ್ನು ಆತ ಬರೆದಿಟ್ಟಿದ್ದಾನೆ. ಸಮುದ್ರದಿಂದ ಹೆಕ್ಕಿ ತಂದ ಜೀವಂತ ಕವಡೆಗಳನ್ನು ದಡದಲ್ಲಿ ಗುಂಡಿ ತೋಡಿ ಹಾಕುತ್ತಿದ್ದರು. ಒಳಗಿನ ಮಾಂಸ ಕೊಳೆತುಹೋಗಿ ಬಿಳಿಯ ಚಿಪ್ಪು ಉಳಿಯುತ್ತಿತ್ತು. ಅದೇ ಅಲ್ಲಿನ ನಾಣ್ಯ. ಬಂಗಾಳದವರು ಅಕ್ಕಿ ಕೊಟ್ಟು ಅದನ್ನು ಒಯ್ಯುತ್ತಿದ್ದರು. ತೆಂಗಿನ ನಾರಿನ ಹಗ್ಗವಂತೂ ಭಾರತ, ಚೀನಾ, ಯೆಮನ್‌ವರೆಗೆ ಹೋಗುತ್ತಿತ್ತು. ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದುದು ಅದರಿಂದಲೇ. ಮರಳ ಮೇಲೆ ಮೈಚಾಚಿ ನಾಲ್ಕು ದಿನ ಸುಮ್ಮನೆ ಇದ್ದು ಬರೋಣ ಎಂದು ಯಾರೂ ಅಲ್ಲಿಗೆ ಹೊರಟವರಲ್ಲ.

ಆ ಆಸೆ ಹೊತ್ತು ಬಂದವನು ಇಟಲಿಯ ಟ್ರಾವೆಲ್ ಏಜೆಂಟ್ ಜಾರ್ಜ್ ಕಾರ್ಬಿನ್. ಜನವಸತಿಯಿಲ್ಲದ ದ್ವೀಪಗಳನ್ನು ಹುಡುಕುತ್ತಿದ್ದ ಆತನಿಗೆ 1971ರಲ್ಲಿ ಕೊಲಂಬೊದಲ್ಲಿ, ಮಾಲ್ಡೀವ್ಸ್ ರಾಯಭಾರ ಕಚೇರಿಯ ತರುಣ ಅಧಿಕಾರಿ ಅಹ್ಮದ್ ನಸೀಮ್ ಅವರ ಪರಿಚಯವಾಯಿತು. ಸರಕು ಹಡಗು ಹತ್ತಿ ರಾಜಧಾನಿ ಮಾಲೆ ತಲುಪಿದ್ದಾಯಿತು. ಅಲ್ಲಿನ ಎಂ. ಯು. ಮಣಿಕು, ಹುಸೇನ್ ಅಫೀಫ್ ಎಂಬ ಗೆಳೆಯರು ಜೊತೆಗೂಡಿದರು. 1972ರ ಫೆಬ್ರವರಿಯಲ್ಲಿ ಕಾರ್ಬಿನ್ 22 ಮಂದಿ ಇಟಲಿಯವರನ್ನು ಕರೆತಂದ; ಅವರಲ್ಲಿ ಪತ್ರಕರ್ತರು, ಛಾಯಾಗ್ರಾಹಕರು ಇದ್ದರು. ಉಳಿಯಲು ಹೋಟೆಲ್ ಎಲ್ಲಿಂದ ತರಬೇಕು? ಮಾಲೆಯ ಮನೆಗಳಲ್ಲೇ ಇಳಿಸಿದರು. ಹಗಲು ದೋಣಿಯಲ್ಲಿ ಸುತ್ತಲಿನ ದ್ವೀಪಗಳಿಗೆ ಹೋಗಿ ಈಜಾಡುವುದು, ಮೀನು ಹಿಡಿಯುವುದು. ಬಂದವರಿಗೆ ಅದು ಎಷ್ಟು ಹಿಡಿಸಿತೆಂದರೆ ಊರಿಗೆ ಹೋಗಿ ಎಲ್ಲರಿಗೂ ಹೇಳಿದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ, ತೆಂಗಿನ ತೋಟವಾಗಿದ್ದ ವಿಹಾಮನಾಫುಶಿ ದ್ವೀಪದಲ್ಲಿ ದೇಶದ ಮೊದಲ ರೆಸಾರ್ಟ್ ಕುರುಂಬಾ ಬಾಗಿಲು ತೆರೆಯಿತು. ಇದ್ದದ್ದು 30 ಕೋಣೆ. ಗೋಡೆಗೆ ಹವಳದ ಕಲ್ಲು, ತೊಲೆಗೆ ತೆಂಗಿನ ಮರ, ಮಾಡಿಗೆ ತೆಂಗಿನ ಮಡಲು. ಸ್ನಾನಕ್ಕೆ ಬಾವಿಯ ಸವುಳು ನೀರು. ದ್ವೀಪದವರು ತಮ್ಮ ಮನೆ ಕಟ್ಟಿಕೊಳ್ಳುತ್ತಿದ್ದುದೂ ಇವೇ ಸಾಮಗ್ರಿಗಳಿಂದ. ಈಗಿನ ನೀರ ಮೇಲಿನ ಬಂಗಲೆಗಳ ಎದುರು ಅದು ಬಡತನವಾಗಿ ಕಂಡೀತು. ಆದರೆ ಅತಿಥಿ ಮತ್ತು ಆತಿಥೇಯ ಒಂದೇ ಬಗೆಯ ಸೂರಿನ ಕೆಳಗೆ ಮಲಗುತ್ತಿದ್ದ ಕಾಲ ಅದು.

ಮುಂದೆ ಎಲ್ಲವೂ ವೇಗವಾಗಿ ನಡೆಯಿತು. 1974ರಲ್ಲಿ ಮಾಲೆಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಬಂತು, 1981ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ.

ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಅದೂ ಜನವಸತಿಯಿಲ್ಲದ ದ್ವೀಪದಲ್ಲಿ ಎಂಬುದು ಸರ್ಕಾರದ ನೀತಿಯಾಯಿತು. ಮದ್ಯ, ಈಜುಡುಗೆ ಎಲ್ಲಕ್ಕೂ ಅಲ್ಲಿ ಅವಕಾಶ. ಮುಸ್ಲಿಂ ಸಮಾಜದ ಊರುಗಳು ತಮ್ಮ ಪಾಡಿಗೆ ತಾವು. ಕಟ್ಟಡಗಳು ತೆಂಗಿನ ಮರಕ್ಕಿಂತ ಎತ್ತರ ಏಳದಂತೆ ನೋಡಿಕೊಂಡದ್ದೂ ಒಳ್ಳೆಯದೇ. ಆದರೆ ಈ ಏರ್ಪಾಡಿನಿಂದ ಆದ ನಷ್ಟ ಸಣ್ಣದಲ್ಲ. ಎಷ್ಟೋ ಪ್ರವಾಸಿಗರು ವಾರವಿಡೀ ಇದ್ದರೂ ಒಂದು ಮಾಲ್ಡೀವ್ಸ್ ಮನೆಯ ಅಂಗಳ ನೋಡದೆ ವಾಪಸಾದರು. ಪಕ್ಕದ ಊರಿನ ಬೆಸ್ತನಿಗೂ ಅಂಗಡಿಯವನಿಗೂ ಅವರ ಮುಖ ಕಾಣಲಿಲ್ಲ, ಹಣವೂ ಕಾಣಲಿಲ್ಲ.

2009ರ ನಂತರ ಜನವಸತಿಯ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ದಾರಿಯಾಯಿತು. ಮಾಫುಶಿಯಂಥ ಊರು ಬೆಳೆದದ್ದು ಹಾಗೆ. ಐಷಾರಾಮಿ ರೆಸಾರ್ಟ್‌ನ ದರ ಕೇಳಿ ಹಿಂದೆ ಸರಿಯುತ್ತಿದ್ದ ಗೆಳೆಯರ ಗುಂಪುಗಳು ಈಗ ಅಲ್ಲಿ ಖರ್ಚು ಹಂಚಿಕೊಂಡು ನಾಲ್ಕು ದಿನ ಇರಬಲ್ಲವು. ಬೆಳಿಗ್ಗೆ ತಟ್ಟೆಗೆ ಮಾಸ್ ಹುನಿ ಬರುತ್ತದೆ: ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ ಕಿವುಚಿ ಕಲಸಿದ್ದು, ಜೊತೆಗೆ ಚಪಾತಿಯಂಥ ರೋಶಿ. 1972ರ ಆ ಮೊದಲ ಆತಿಥ್ಯದ ನಿಜವಾದ ವಾರಸುದಾರರು ಈ ಗೆಸ್ಟ್‌ಹೌಸಿನವರೇ.

ಬೆಂಗಳೂರಿನಿಂದ ಮಾಲೆಗೆ ವಿಮಾನದಲ್ಲಿ ಸುಮಾರು ಎರಡು ಗಂಟೆಯ ಹಾದಿ. ಸ್ನೇಹಿತರೊಡನೆ ಹೊರಡುವವರು ರೆಸಾರ್ಟ್ ನೋಡಬಾರದೆಂದಲ್ಲ, ಎರಡು ರಾತ್ರಿಯಾದರೂ ಊರಿರುವ ದ್ವೀಪದಲ್ಲಿ ಉಳಿಯಿರಿ. ಈಜುಡುಗೆ ಅದಕ್ಕೆಂದೇ ಗೊತ್ತುಮಾಡಿದ ಕಡಲತೀರಕ್ಕಿರಲಿ, ಊರ ಬೀದಿಯಲ್ಲಿ ಮೈತುಂಬ ಬಟ್ಟೆ ಇರಲಿ. ನೀರಿಗಿಳಿದಾಗ ಹವಳದ ಮೇಲೆ ಕಾಲಿಡಬೇಡಿ. 1998ರ ಸಮುದ್ರದ ಬಿಸಿಗೆ ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿ ಸತ್ತಿದೆ. ನೆನಪಿಗೆಂದು ಒಂದು ತುಂಡನ್ನೂ ತರಬೇಡಿ, ಹವಳವನ್ನು ದೇಶದ ಹೊರಗೆ ಒಯ್ಯುವುದು ಅಲ್ಲಿ ಕಾನೂನುಬಾಹಿರ.